ಆರನೇ ಚಾನೆಲ್ ಸತ್ತದ್ದು ಯಾವಾಗ?

"ಸದ್ದೇ ಬರ್ತಿಲ್ವಲ್ಲ ಸಾರ್," ಎಂದಳು ಆಕೆ.

"ಬರ್ತಿದೆಯಮ್ಮ. ನಮಗೆ ಕೇಳಿಸ್ತಿಲ್ಲ ಅಷ್ಟೇ."

ಮೇಜಿನ ಮೇಲಿದ್ದ ಆಂಪ್ಲಿಫೈಯರು ಆ ಹೊತ್ತಿನಲ್ಲಿ ಒಂದು ದೊಡ್ಡ ಸಭಾಂಗಣವನ್ನೇ ನಡುಗಿಸುವಷ್ಟು ಶಕ್ತಿಯನ್ನು ಹೊರಹಾಕುತ್ತಿತ್ತು. ಆದರೆ ಅದರ ಬೆನ್ನಿಗೆ ನಾನು ಕಟ್ಟಿದ್ದು ಸ್ಪೀಕರುಗಳನ್ನಲ್ಲ, ಇಟ್ಟಿಗೆ ಗಾತ್ರದ ರೆಸಿಸ್ಟರುಗಳನ್ನು. ಹಾಡಾಗಬೇಕಾದದ್ದೆಲ್ಲ ಅವುಗಳೊಳಗೆ ಹೊಕ್ಕು ಬರೀ ಬಿಸಿಯಾಗಿ ಹೋಗುತ್ತದೆ. ಕೋಣೆಯಲ್ಲಿ ಕೇಳುವುದು ಫ್ಯಾನಿನ ಗೊರಗೊರ ಮಾತ್ರ. ಶಬ್ದ ಅಳೆಯುವವನ ಕಸುಬಿನಷ್ಟು ನಿಶ್ಶಬ್ದವಾದ ಕಸುಬು ಇನ್ನೊಂದಿಲ್ಲ. ನನಗೆ ಇದು ಅಭ್ಯಾಸವಾಗಿಬಿಟ್ಟಿದೆ ಎಂದು ಎಲ್ಲರ ಹತ್ತಿರವೂ ಹೇಳುತ್ತಿರುತ್ತೇನೆ. ಶುದ್ಧ ಸುಳ್ಳು.

ಸಭಾಂಗಣಕ್ಕೆ ಬೆಂಕಿ ಬಿದ್ದಾಗ "ಎಲ್ಲರೂ ಹೊರಗೆ ಬನ್ನಿ" ಎಂದು ಕೂಗಿದ್ದು ಇದೇ ಆಂಪ್ಲಿಫೈಯರು. ಎಂಟು ಚಾನೆಲ್, ಕಟ್ಟಡದ ಎಂಟು ಭಾಗಗಳಿಗೆ ಒಂದೊಂದು. ಏಳು ಕಡೆಯ ಜನ ಕೇಳಿಸಿಕೊಂಡು ಓಡಿ ಬಂದರು. ಆರನೇ ಚಾನೆಲ್ ಹೋಗುತ್ತಿದ್ದದ್ದು ನೆಲಮಾಳಿಗೆಯ ಅಭ್ಯಾಸದ ಕೋಣೆಗೆ. ಅಲ್ಲಿದ್ದವನು ಒಬ್ಬನೇ, ಪಿಟೀಲಿನವನು. ಅವನಿಗೆ ಕೂಗು ಕೇಳಿಸಲಿಲ್ಲ. ಹೊಗೆ ಕುಡಿದು ಅಲ್ಲೇ ಸತ್ತ.

ಸ್ಟೂಲಿನ ತುದಿಯಲ್ಲಿ ಕೂತಿದ್ದ ಈಕೆ ಅವನ ಹೆಂಡತಿ. ಆರನೇ ಚಾನೆಲ್ ಕೆಟ್ಟಿದ್ದರೂ ರಿಪೇರಿ ಮಾಡಿಸದೆ ಬಿಟ್ಟಿದ್ದ ಎಂದು ಪೊಲೀಸರು ಒಳಗೆ ಹಾಕಿದ್ದು ಸಭಾಂಗಣದ ಸೌಂಡಿನವನನ್ನು. ಅವನು ಈಕೆಯ ಒಡಹುಟ್ಟಿದ ಅಣ್ಣ.

"ನನಗೆ ಒಂದೇ ಒಂದು ಗೊತ್ತಾಗ್ಬೇಕು ಸಾರ್," ಆಕೆ ಬೆಳಗಿನಿಂದ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದಳು. "ಅಣ್ಣನ ಉದಾಸೀನದಿಂದ ನಮ್ಮೆಜಮಾನ್ರು ಹೋದ್ರಾ? ಅವರಂತೂ ವಾಪಸ್ ಬರಲ್ಲ. ಅಣ್ಣನಾದ್ರೂ ಇದಾನಾ ನನಗೆ, ಇಲ್ಲ ಅವನನ್ನೂ ಕಳ್ಕೊಂಡ್ನಾ?"

"ಅಳೆದು ಹೇಳ್ತೀನಿ."

"ಅಳೆದ್ರೆ ಗೊತ್ತಾಗತ್ತಾ?"

"ಗೊತ್ತಾಗ್ದೇ ಇದ್ರೆ ಈ ಅಂಗಡಿ ಮುಚ್ಚಿ ಪಕೋಡ ಕರೀತೀನಿ, ಸುಮ್ನಿರಮ್ಮ."

ಸ್ವಲ್ಪ ಒರಟಾಯಿತು. ಆದರೆ ಆ ಅಣ್ಣ ನನಗೂ ಬೇಕಾದವನು. ಅವನನ್ನು ನಾವೆಲ್ಲ ಮೌನಿ ಎಂದೇ ಕರೆಯುವುದು. ಸೌಂಡಿನ ಕೆಲಸ ಮಾಡುವವನ ಬಾಯಲ್ಲಿ ಸೌಂಡೇ ಇಲ್ಲವಲ್ಲ ಎಂದು ಯಾರೋ ಇಟ್ಟ ಹೆಸರು. ನನ್ನ ಈ ಕೋಣೆಯ ಬಾಗಿಲನ್ನು ಕೆಲಸವಿಲ್ಲದೆಯೂ ತಟ್ಟುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅವನು. ಬಂದರೆ ಟೀ ಕುಡಿದು ಸುಮ್ಮನೆ ಕೂರುತ್ತಿದ್ದ. ನಾನೂ ಕೂರುತ್ತಿದ್ದೆ. ಒಬ್ಬನೇ ಸುಮ್ಮನಿರುವುದಕ್ಕೂ ಇಬ್ಬರು ಸೇರಿ ಸುಮ್ಮನಿರುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಅವನು ಒಳಗೆ ಹೋದ ಮೇಲೆ ನನಗೆ ತಿಳಿಯಿತು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಒಬ್ಬ ಪೇದೆ ತೂಕಡಿಸುತ್ತಿದ್ದ. ಮೊಹರು ಹಾಕಿದ ಆಂಪ್ಲಿಫೈಯರನ್ನು ಕೋರ್ಟಿನ ಅನುಮತಿಯ ಮೇಲೆ ಇಲ್ಲಿಗೆ ತಂದವನು ಅವನೇ, ಸಂಜೆ ಮತ್ತೆ ಮೊಹರು ಹಾಕಿ ಒಯ್ಯುವವನೂ ಅವನೇ.

ಒಂದೊಂದೇ ಚಾನೆಲ್ ಹಿಡಿದೆ. ಮೊದಲು ಒಂದು ಶುದ್ಧ ಸ್ವರ ಕೊಡುವುದು. ಕೊಟ್ಟದ್ದಷ್ಟೇ ಹೊರಗೆ ಬಂತೇ, ತನ್ನದೊಂದಿಷ್ಟು ಒಗ್ಗರಣೆ ಸೇರಿಸಿತೇ ಎಂದು ನೋಡುವುದು. ಆಮೇಲೆ ಏನನ್ನೂ ಕೊಡದೆ, ತನ್ನಷ್ಟಕ್ಕೆ ತಾನು ಏನು ಗೊಣಗುತ್ತದೆ ಎಂದು ಕೇಳುವುದು. ಆಮೇಲೆ ಒಂದರ ಸದ್ದು ಪಕ್ಕದ್ದಕ್ಕೆ ಎಷ್ಟು ಸೋರುತ್ತದೆ ಎಂದು ಪರೀಕ್ಷೆ. ಪಕ್ಕದ ಮನೆಯ ಜಗಳ ಗೋಡೆ ದಾಟಿ ಬರುತ್ತದಲ್ಲ, ಹಾಗೆ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ದುಡಿಸುವುದು. ಒಬ್ಬೊಬ್ಬರಾಗಿ ಬಂದರೆ ಯಾವ ಮನೆಯಲ್ಲೂ ಊಟ ಸಾಕಾಗುತ್ತದೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಾಗಲೇ ಅಡುಗೆಮನೆಯ ಯೋಗ್ಯತೆ ಗೊತ್ತಾಗುವುದು.

ಆರನೆಯದೊಂದನ್ನು ಬಿಟ್ಟು ಏಳೂ ಚಾನೆಲ್ ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡವು. ಒಂದು ಗೆರೆಯೂ ಅಲುಗಲಿಲ್ಲ.

"ಎಂಟಕ್ಕೆ ಏಳು ಪಾಸಾ?" ಪೇದೆ ಒಂದು ಕಣ್ಣು ತೆರೆದ. "ನಮ್ಮನೇಲಿ ಯಾವ ಮಗನೂ ಇಷ್ಟು ತಗೊಂಡಿಲ್ಲ ಸ್ವಾಮಿ."

ಯಂತ್ರವನ್ನು ಇಟ್ಟುಕೊಂಡ ರೀತಿ ನೋಡಿದರೆ ಮೌನಿಯ ಕೈ ಕಾಣುತ್ತಿತ್ತು. ಬೆಂಕಿಯ ದಿನದ ಹೊಗೆ ಆಂಪ್ಲಿಫೈಯರು ಇದ್ದ ಅವನ ಕೋಣೆಗೂ ನುಗ್ಗಿ ಹಿಂಬದಿಯ ತಗಡಿಗೆಲ್ಲ ಮಸಿ ಕೂತಿತ್ತು ನಿಜ. ಆದರೆ ಒಳಗಿನ ಫ್ಯಾನಿನಲ್ಲಿ ಹಳೆಯ ಧೂಳಿನ ಒಂದು ಎಳೆ ಇರಲಿಲ್ಲ. ನನ್ನ ಪ್ಲಗ್ಗುಗಳನ್ನು ಸಿಕ್ಕಿಸುವಾಗ ಆ ಏಳು ಸಾಕೆಟ್ಟುಗಳ ಪಿನ್ನುಗಳು ಹೊಸ ಸೂಜಿಯ ಹಾಗೆ ಹೊಳೆಯುತ್ತಿದ್ದವು. ಎಷ್ಟು ಒಪ್ಪವಾಗಿ ಇಟ್ಟುಕೊಂಡಿದ್ದಾನಪ್ಪ ಎಂದುಕೊಂಡೆ. ಇಂಥವನು ಒಂದು ಚಾನೆಲ್ ಸತ್ತು ಬಿದ್ದಿದ್ದರೂ ಕಣ್ಣು ಮುಚ್ಚಿಕೊಂಡು ಕೂತಿದ್ದ ಎಂದರೆ ನಂಬುವುದು ಹೇಗೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಮಾತ್ರ ಸಾಧ್ಯ.

ಮೇಲಿನ ಮುಚ್ಚಳ ತೆಗೆದು ಆರನೆಯದರ ಒಳಗೆ ದೀಪ ಹಿಡಿದೆ.

ಅರ್ಧ ಸುಟ್ಟಿತ್ತು. ಸರಿಯಾಗಿ ಅರ್ಧ. ಕೆಂಪು ಪಿನ್ನಿನ ಕಡೆಯ ಭಾಗ ನಿನ್ನೆ ತಂದದ್ದರಂತೆ ಇತ್ತು. ಕಪ್ಪು ಪಿನ್ನಿನ ಕಡೆಯದು ಮಾತ್ರ ಸಿಡಿದು ಕರಕಲಾಗಿತ್ತು.

ಭೂತಗನ್ನಡಿ ತೆಗೆದುಕೊಂಡು ಹಿಂಬದಿಗೆ ಬಂದೆ. ಆರನೇ ಸಾಕೆಟ್ಟಿನ ಕಪ್ಪು ಪಿನ್ನಿನ ಮೇಲೆ ಸಣ್ಣ ಹಲ್ಲುಗಳ ಗುರುತು. ಎರಡು ಸಾಲು. ಒಂದು ತುದಿಯಲ್ಲಿ ಕರಗಿ ಮುದುಡಿದ ಲೋಹದ ಮಣಿ, ಸಾಸಿವೆಗಿಂತ ಚಿಕ್ಕದು. ಪಿನ್ನಿಗೆ ಮಸಿ ಹಿಡಿದಿತ್ತು. ಹಲ್ಲಿನ ಗುರುತು ಆ ಮಸಿಯನ್ನು ಸೀಳಿಕೊಂಡು ಹೋಗಿ ಕೆಳಗಿನ ಲೋಹ ಮಿರಮಿರ ಮಿನುಗುತ್ತಿತ್ತು.

"ಅಯ್ಯೋ ಶಿವನೇ!" ಎಂದೆ.

"ಏನಾಯ್ತು ಸಾರ್?" ಆಕೆ ಎದ್ದು ನಿಂತಳು. ಪೇದೆ ಎರಡನೇ ಕಣ್ಣನ್ನೂ ತೆರೆದ.

"ಬಾಮ್ಮ ಇಲ್ಲಿ. ಹಳೇ ಕಾಲದ ಆಂಪ್ಲಿಫೈಯರಲ್ಲಿ ಕೆಂಪು ಪಿನ್ನಲ್ಲಿ ಮಾತ್ರ ಕರೆಂಟು. ಕಪ್ಪು ಅಂದ್ರೆ ಭೂಮಿ. ಅಳೆಯೋ ಸ್ಕೋಪಿನ ಮೊಸಳೆಬಾಯಿ ಕ್ಲಿಪ್ ಇದೆಯಲ್ಲ, ಅದೂ ಭೂಮೀನೇ. ಕಪ್ಪಿಗೆ ಕಚ್ಚಿಸಿದ್ರೆ ಏನೂ ಆಗ್ತಿರ್ಲಿಲ್ಲ. ಈ ಹೊಸದ್ರಲ್ಲಿ ಹಾಗಲ್ಲ. ಇಬ್ಬರು ಸೇರಿ ಮರ ಕೊಯ್ಯೋ ಗರಗಸ ಎಳೀತಾರಲ್ಲ, ಹಂಗೆ ಕೆಂಪೂ ಕಪ್ಪೂ ಎರಡೂ ದುಡೀತವೆ. ಕಪ್ಪಿಗೆ ಆ ಕ್ಲಿಪ್ ಹಾಕಿ ಸ್ವಿಚ್ ಹಾಕಿದ್ರೆ ಆ ಕಡೆಯವನ ಕಾಲಿಗೆ ಹಗ್ಗ ಕಟ್ಟಿ ಬಾವಿಗೆ ತಳ್ಳಿದ ಹಾಗೆ. ಢಂ ಅಂತ ಹೋಗತ್ತೆ. ಅರ್ಧ ಮಾತ್ರ ಹೋಗತ್ತೆ."

"ಅಂದ್ರೆ?"

"ಅಂದ್ರೆ ಇದು ತಾನಾಗಿ ಸತ್ತಿಲ್ಲ. ಅಳೆಯೋಕೆ ಬಂದವರು ಯಾರೋ ಕೊಂದಿದಾರೆ. ಅದೂ ಯಾವಾಗ? ಮಸಿ ಕೂತ ಮೇಲೆ! ಹಲ್ಲು ಮಸಿ ಮೇಲೆ ಬಿದ್ದಿದೆ ನೋಡು. ಬೆಂಕಿ ಆರಿದ ಮೇಲೆ ಸತ್ತಿದ್ದು ಇದು. ಸತ್ತದ್ದು ಇನ್ನೊಂದ್ಸಲ ಸಾಯಲ್ಲಮ್ಮ. ಬೆಂಕಿ ಬಿದ್ದಾಗ ಆರನೇ ಚಾನೆಲ್ ಜೀವಂತ ಇತ್ತು. ನಿಮ್ಮಣ್ಣ ಕೆಟ್ಟದ್ದನ್ನ ಹಂಗೇ ಬಿಟ್ಟಿರ್ಲಿಲ್ಲ!"

ಆಕೆ ಮೇಜಿನ ಅಂಚು ಹಿಡಿದುಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಗಂಡ ತೀರಿದ ಮೇಲೆ ಆಕೆ ತಲೆ ನೇರವಾಗಿ ಎತ್ತಿದ್ದನ್ನು ನಾನು ಮೊದಲ ಸಲ ನೋಡಿದೆ.

"ಇವತ್ತು ಅವನನ್ನ ನೋಡೋಕೆ ಬಿಡ್ತಾರೆ ಸಾರ್. ಹೋಗಿ ಹೇಳ್ಲಾ?"

"ಇನ್ನೂ ಇಲ್ಲೇ ನಿಂತಿದೀಯಾ? ಓಡು!"

ಪೇದೆ ನಾನು ಹೇಳಿದ್ದನ್ನು ಬರೆದುಕೊಂಡು, ಪೆಟ್ಟಿಗೆಗೆ ಮೊಹರು ಹಾಕಿ, "ಸಾಹೇಬ್ರಿಗೆ ಈಗಲೇ ತಿಳಿಸ್ತೀನಿ" ಎಂದು ಹೊರಟ. ಹಲ್ಲಿನ ಗುರುತಿನ ಫೋಟೋ ನನ್ನ ಫೋನಿನಲ್ಲಿ ಉಳಿಯಿತು.

ಎಲ್ಲರೂ ಹೋದ ಮೇಲೆ ಕೋಣೆ ಮತ್ತೆ ಮೊದಲಿನಂತಾಯಿತು. ಖುಷಿಯನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಹೇಳಿಕೊಳ್ಳಬೇಕಾದವನು ಜೈಲಿನಲ್ಲಿದ್ದ. ರೆಸಿಸ್ಟರುಗಳು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿದ್ದವು, ಅವಕ್ಕೇ "ಭೇಷ್" ಎಂದೆ.

ಖುಷಿ ಇಳಿಯುತ್ತಿದ್ದ ಹಾಗೆ ಸಿಟ್ಟು ಏರಿತು. ಬೆಂಕಿ ಆರಿದ ಮೇಲೆ, ಮೊಹರು ಹಾಕುವ ಮೊದಲು, ಮೌನಿಯ ಕೋಣೆಗೆ ಹೋಗಿ ಅಳೆದು ಬಂದವರು ಒಬ್ಬರೇ. ಪೊಲೀಸರು ತಜ್ಞರೆಂದು ಕರೆದೊಯ್ದವರು. "ಆರನೇ ಚಾನೆಲ್ ಸತ್ತಿದೆ" ಎಂದು ಹೇಳಿ ಮೌನಿಯನ್ನು ಒಳಗೆ ಹಾಕಿಸಿದವರು. ನನ್ನನ್ನೂ ಮೌನಿಯನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಈ ವಿದ್ಯೆ ಕಲಿಸಿದ ನಮ್ಮ ಮೇಷ್ಟ್ರು.

ಕ್ಲಿಪ್ಪನ್ನು ಎರಡು ಸಲ ಕಚ್ಚಿಸು, ಆಮೇಲೆ ಸ್ವಿಚ್ಚು ಹಾಕು ಎಂದು ಹೇಳಿಕೊಟ್ಟವರೂ ಅವರೇ. ಹಲ್ಲಿನ ಸಾಲು ಎರಡು ಏಕೆ ಇವೆ ಎಂದು ನಾನು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೇಷ್ಟ್ರ ಮನೆ ಒಂದು ಔಷಧಿ ಅಂಗಡಿಯ ಮೇಲೆ. ಕಿರಿದಾದ ಮೆಟ್ಟಿಲು, ಕೈಹಿಡಿಯ ಬಣ್ಣ ಒಂದೇ ಕಡೆ ಸವೆದಿತ್ತು. ಹತ್ತಿ ಇಳಿಯುವವರು ಅವರೊಬ್ಬರೇ ಅಲ್ಲವೇ. ಕಿಟಕಿಗೆ ಮುಖ ಮಾಡಿದ ಒಂದು ಕುರ್ಚಿ. ಎದುರಿಗೆ ಇನ್ನೊಂದು ಕುರ್ಚಿ, ಅದರ ಮೇಲೆ ಒಗೆದ ಬಟ್ಟೆಯ ರಾಶಿ. ಕೂರಲು ಯಾರೂ ಬರದ ಮನೆಯ ಎರಡನೇ ಕುರ್ಚಿಗೆ ಇದೇ ಗತಿ. ನನ್ನ ಮನೆಯಲ್ಲೂ ಒಂದಿದೆ.

"ಬಾರೋ ಬಾ ಬಾ," ಎಂದರು, ಪಕ್ಕದ ಬೀದಿಗೆ ಕೇಳುವಂತೆ. ಕಿವಿ ಮಂದವಾದ ಮೇಲೆ ಅವರು ಮಾತಾಡುವುದೇ ಹಾಗೆ. "ಬಟ್ಟೆ ತೆಗ್ದು ಕೂತ್ಕೋ. ಟೀ ಮಾಡ್ಲಾ?"

"ಬೇಡ ಮೇಷ್ಟ್ರೇ."

"ಮಾಡ್ತೀನಿ ಇರು. ನನಗೂ ಒಂದು ನೆಪ ಬೇಕು."

ಆ ಒಂದು ಮಾತಿಗೆ ನನ್ನ ಸಿಟ್ಟು ಅರ್ಧ ಕರಗಿತು. ಕರಗಬಾರದಿತ್ತು. ಟೀ ಬಂತು, ಸಕ್ಕರೆ ಇರಲಿಲ್ಲ. ನಾನು ಕುಡಿಯದೆ ಫೋನನ್ನು ಅವರ ಮುಖದ ಎದುರು ಹಿಡಿದೆ.

"ಇದು ಯಾರ ಹಲ್ಲು ಮೇಷ್ಟ್ರೇ?"

ಅವರು ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಕಿವಿಯಿಂದ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಕಿವಿ ಹಾಕ್ಕೊಳ್ಳಿ!"

"ಏನಂದೆ?"

"ಕಿವಿ!"

"ಕೇಳಿಸ್ತಿಲ್ಲ ಕಣೋ."

"ಆರನೇ ಚಾನೆಲ್ ಕೊಂದಿದ್ದು ನೀವು!" ಎಂದು ಕಿರುಚಿದೆ. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಒಬ್ಬ ಹೆಂಗಸು ಇಣುಕಿ, ಕೊಲೆ ಎಂದುಕೊಂಡಳೋ ಏನೋ, ಪಟ್ಟನೆ ಮುಚ್ಚಿದಳು.

ಮೇಷ್ಟ್ರು ಯಂತ್ರವನ್ನು ಮತ್ತೆ ಕಿವಿಗೆ ಇಟ್ಟುಕೊಂಡರು. ಈಗ ಅವರ ದನಿ ತಗ್ಗಿತ್ತು.

"ಮೆಲ್ಲಗೆ ಮಾತಾಡು. ಕೊಂದಿದ್ದು ಹೌದು."

"ಹೌದು ಅಂತ ಇಷ್ಟು ಸುಲಭವಾಗಿ ಹೇಳ್ತೀರಲ್ಲ!"

"ಎಷ್ಟು ಕಷ್ಟಪಟ್ಟು ಹೇಳ್ಬೇಕು? ಕೈಗೆ ಕಣ್ಣಿಲ್ಲ ಕಣೋ. ಜೀವಮಾನವೆಲ್ಲ ಕಪ್ಪಿಗೆ ಕಚ್ಚಿಸಿದ ಕೈ, ತಾನೇ ಹೋಗಿ ಕಚ್ಚಿಸ್ತು. ಹೊಸ ಆಂಪ್ಲಿಫೈಯರಿನ ವಿಷಯ ನಿಮಗೆಲ್ಲ ಎಚ್ಚರಿಸಿದವನು ನಾನೇ. ಸ್ವಿಚ್ ಹಾಕಿದೆ, ಢಂ ಅಂತು. ಪೇದೆ ಹೊಗೆ ವಾಸನೆಗೆ ಕೆಮ್ಮಿಕೊಂಡು ಹೊರಗೆ ನಿಂತಿದ್ದ, ನೋಡ್ಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ."

"ಎದ್ದು ಬಂದು ಅದು ಸತ್ತಿದೆ ಅಂದ್ರಿ."

"ಸತ್ತಿತ್ತಲ್ಲ."

"ಮೇಷ್ಟ್ರೇ, ನಿಮ್ಮ ಮರ್ಯಾದೆ ಉಳಿಸ್ಕೊಳ್ಳೋಕೆ ಅವನನ್ನ ಜೈಲಿಗೆ ಕಳಿಸಿದ್ರಿ! ನೀವು ಕಲಿಸಿದ ಹುಡುಗ ಅವನು. ನಿಮ್ಮ ಹೆಂಡತಿ ತೀರಿಕೊಂಡಾಗ ಹೆಗಲು ಕೊಟ್ಟವನು. ನನಗೆ ಇರೋದೂ ಅವನೊಬ್ಬನೇ. ಅವನ ತಂಗಿಗೆ ಗಂಡ ಇಲ್ಲ, ಅಣ್ಣ ಇದಾನೋ ಇಲ್ವೋ ಅಂತ ದಿನಾ ಬಂದು ನನ್ನ ಸ್ಟೂಲ್ ಮೇಲೆ ಕೂರ್ತಾಳೆ. ಒಂದು ಮಾತು, ತಪ್ಪಾಯ್ತು ಅನ್ನೋ ಒಂದು ಮಾತು ನಿಮ್ಮ ಬಾಯಿಂದ ಬರ್ಲಿಲ್ವಾ?"

ನನ್ನ ದನಿ ಒಡೆಯಿತು. ನಾಚಿಕೆಯಾಗಲಿಲ್ಲ.

ಅವರು ಕಿಟಕಿಯ ಕಡೆ ತಿರುಗಿದರು. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಕೂಗಾಡುತ್ತ ಹೋಗುತ್ತಿದ್ದರು. ಅವರಿಗೆ ಅದು ಎಷ್ಟು ಕೇಳಿಸುತ್ತಿತ್ತೋ ತಿಳಿಯದು.

"ಮೊದಲನೇ ದಿನ ಮರ್ಯಾದೆಗೆ ಹೆದರಿ ಸುಮ್ನಿದ್ದೆ," ಎಂದರು. "ಒಪ್ಪಿದೆ. ಎರಡನೇ ದಿನ ಹೋಗಿ ಎಲ್ಲಾ ಹೇಳಿಬಿಡೋಣ ಅಂತ ಶರ್ಟ್ ಹಾಕ್ಕೊಂಡು ಮೆಟ್ಟಿಲಿಳಿದೆ. ಅರ್ಧ ಮೆಟ್ಟಿಲಲ್ಲಿ ಒಂದು ಹೊಳೀತು. ವಾಪಸ್ ಹತ್ತಿ ಬಂದೆ. ಅಲ್ಲಿಂದ ಇಲ್ಲೀವರೆಗೆ ಬಾಯಿ ಮುಚ್ಕೊಂಡಿರೋದು ನನ್ನ ಮರ್ಯಾದೆಗಲ್ಲ."

"ಮತ್ತೆ ಇನ್ಯಾಕೆ?"

"ನೀನು ಜಾಣ. ನೀನೇ ಹೇಳು. ಹಲ್ಲು ಎಲ್ಲಿ ಬಿದ್ದಿದೆ?"

"ಮಸಿ ಮೇಲೆ."

"ಮಸಿ ಎಲ್ಲಿದೆ?"

"ಪಿನ್ ಮೇಲೆ."

"ಉಳಿದ ಏಳು ಸಾಕೆಟ್ಟಿನ ಪಿನ್ ನೋಡಿದ್ಯಾ? ಹೇಗಿದ್ವು?"

"ಹೊಳೀತಿದ್ವು. ಅವನು ಎಲ್ಲಾ ಚೊಕ್ಕವಾಗಿ..."



ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದು ನನಗಾಗಿಯೇ ಹುಟ್ಟಿದ ಗಾದೆ. ಏಳು ಸಾಕೆಟ್ಟುಗಳ ಪಿನ್ನು ಹೊಳೆಯುತ್ತಿದ್ದದ್ದು ಮೌನಿಯ ಒಪ್ಪದಿಂದಲ್ಲ. ಹೊಗೆ ನುಗ್ಗಿದಾಗ ಅವುಗಳಲ್ಲಿ ಸ್ಪೀಕರಿನ ಪ್ಲಗ್ಗು ಬಿಗಿಯಾಗಿ ಕೂತಿತ್ತು. ಒಳಗೆ ಮಸಿ ಹೋಗಲು ಜಾಗವಿರಲಿಲ್ಲ. ಆರನೆಯದರ ಪಿನ್ನಿಗೆ ಮಸಿ ಹಿಡಿಯಬೇಕಾದರೆ ಆ ಸಾಕೆಟ್ಟು ತೆರೆದಿರಬೇಕು.

"ನಾನು ಒಳಗೆ ಹೋದಾಗ ಏಳು ಪ್ಲಗ್ ಹಾಕಿದ್ವು," ಮೇಷ್ಟ್ರು ಹೇಳಿದರು. "ಆರನೇದು ಕೆಳಗೆ ನೇತಾಡ್ತಿತ್ತು. ಗಾಬರೀಲಿ ಆವಾಗ ಗಮನ ಕೊಡ್ಲಿಲ್ಲ. ಎಲ್ಲಾ ಪ್ಲಗ್ ನಾನೇ ಬಿಚ್ಚಿ ಪಕ್ಕಕ್ಕೆ ಹಾಕ್ದೆ, ಎಂಟೂ ಒಂದೇ ರಾಶಿ ಆಯ್ತು. ಬೇರೆ ಯಾರೂ ನೋಡಿಲ್ಲ."

"ಬೆಂಕಿ ಗಲಾಟೇಲಿ ಬಿದ್ದಿರಬಹುದು. ಯಾರಾದ್ರೂ ಕಾಲು ತಾಗಿಸಿ..."

"ಅದಕ್ಕೆ ಎರಡೂ ಕಡೆ ಸ್ಕ್ರೂ ಇದೆ ಕಣೋ. ಬಿಚ್ಚದೆ ಬರಲ್ಲ. ಎಳೆದು ಕಿತ್ತಿದ್ರೆ ಸಾಕೆಟ್ಟಿನ ಮೂಲೆ ಒಡೀಬೇಕಿತ್ತು, ಒಡೆದಿರ್ಲಿಲ್ಲ. ಸ್ಕ್ರೂಡ್ರೈವರ್ ಹಿಡ್ಕೊಂಡು, ಪುರುಸೊತ್ತಾಗಿ ಬಿಚ್ಚಿದಾರೆ. ಮಸಿ ಕೂರೋಕೆ ಮುಂಚೆ. ಅಂದ್ರೆ ಹೊಗೆ ಬರೋಕೆ ಮುಂಚೆ." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಆ ಕೋಣೆ ಬೀಗ ಒಡೆದಿರ್ಲಿಲ್ಲ. ಬೀಗದ ಕೈ ಯಾರ ಹತ್ರ ಇರತ್ತೆ?"

ಗೊತ್ತಿತ್ತು. ಅವನ ಸೊಂಟದಲ್ಲಿ. ಟೀ ಕುಡಿಯಲು ಕೂತಾಗಲೂ ತೆಗೆಯುತ್ತಿರಲಿಲ್ಲ.

"ಮೌನಿ ಹಾಗೆ ಮಾಡಲ್ಲ."

"ನಾನೂ ಹಂಗೇ ಅಂದ್ಕೊಂಡಿದ್ದೆ. ಆ ಪಿಟೀಲಿನವನು ಅವಳ ಮೇಲೆ ಕೈ ಮಾಡ್ತಿದ್ದ, ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಭಾವಮೈದುನರಿಗೆ ಮಾತಿರಲಿಲ್ಲ ಎನ್ನುವುದಷ್ಟೇ ಗೊತ್ತಿತ್ತು. ಮೌನಿ ಯಾರ ಜೊತೆ ತಾನೇ ಮಾತಾಡುತ್ತಾನೆ ಎಂದು ನಾನು ಅದನ್ನು ನಗೆಯಾಡಿ ಬಿಟ್ಟಿದ್ದೆ. ಬಂದು ಬಂದು ನನ್ನ ಎದುರು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದನಲ್ಲ. ಏನನ್ನೋ ಹೇಳಲು ಬರುತ್ತಿದ್ದನೋ ಏನೋ. ಒಂದು ದಿನವಾದರೂ ಏನಯ್ಯಾ ಎಂದು ಕೇಳಿದ್ದೆನೇ ನಾನು?

"ಅವಳೇ ಒಂದು ದಿನ ಬಂದು ನನ್ನ ಹತ್ರ ಅತ್ಕೊಂಡಿದ್ಲು," ಮೇಷ್ಟ್ರು ಮುಂದುವರಿಸಿದರು. "ಅಣ್ಣನಿಗೆ ಗೊತ್ತಾದ್ರೆ ಸುಮ್ನಿರಲ್ಲ, ನೀವೇ ಇವರಿಗೆ ಬುದ್ಧಿ ಹೇಳಿ ಅಂತ. ಹೇಳ್ದೆ. ಆ ಪಿಟೀಲಿನವನು ನಕ್ಕ. ಈಗ ಯೋಚ್ನೆ ಮಾಡು. ಚಾನೆಲ್ ಕೆಟ್ಟಿತ್ತು, ಮೌನಿ ರಿಪೇರಿ ಮಾಡಿಸ್ಲಿಲ್ಲ ಅಂದ್ರೆ ಅದು ಉದಾಸೀನ. ಒಂದೆರಡು ವರ್ಷ ಒಳಗಿದ್ದು ಬರ್ತಾನೆ. ಚಾನೆಲ್ ಚೆನ್ನಾಗಿತ್ತು ಅಂದ್ಬಿಟ್ರೆ ಎಲ್ರೂ ಮುಂದಿನ ಪ್ರಶ್ನೆ ಕೇಳ್ತಾರೆ: ಮತ್ಯಾಕೆ ಸದ್ದು ಬರ್ಲಿಲ್ಲ? ಬೆಂಕಿ ಬೀಳತ್ತೆ ಅಂತ ಮೊದಲೇ ಯಾರಿಗೆ ಗೊತ್ತಿತ್ತು? ಅದಕ್ಕೆ ಬರೋ ಉತ್ತರದ ಹೆಸರೇ ಬೇರೆ. ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ನಿದ್ದೆ. ನನ್ನ ಬಣ್ಣ ಅಲ್ಲ, ಅವನ ಬಣ್ಣ."

ಸಕ್ಕರೆಯಿಲ್ಲದ ಟೀಯನ್ನೇ ಎತ್ತಿ ಗುಟುಕರಿಸಿದೆ.

"ಯಾರಿಗಾದ್ರೂ ಹೇಳಿದ್ಯಾ ನೀನು?" ಎಂದರು ಮೇಷ್ಟ್ರು.

ನಾನು ಲೋಟವನ್ನು ಕೆಳಗಿಟ್ಟೆ.

"ಲೋ, ಹೇಳಿದ್ಯೇನೋ?"

"ಪೇದೆ ಬರ್ಕೊಂಡು ಹೋದ. ಅವಳನ್ನ... ಅವಳನ್ನ ನಾನೇ ಜೈಲಿಗೆ ಕಳಿಸ್ದೆ. ಅಣ್ಣನಿಗೆ ಒಳ್ಳೇ ಸುದ್ದಿ ಹೇಳಿ ಬಾ ಅಂತ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

ಫೋನು ತೆಗೆದು ಆಕೆಯ ನಂಬರು ಒತ್ತಿದೆ. ಇನ್ನೂ ಒಳಗೆ ಬಿಟ್ಟಿರಲಾರರು, ಹೊರಗೆ ಕಾಯುತ್ತಿರಬಹುದು, ತಡೆದು ವಾಪಸ್ ಕರೆಯಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಬೆಲ್ಲು ಹೊಡೆಯುತ್ತಲೇ ಇತ್ತು. ಕೊನೆಗೆ ಎತ್ತಿದಳು. ಹಿಂದೆ ವಾಹನಗಳ ಸದ್ದು. ಅವಳ ದನಿಯಲ್ಲಿ ಅಷ್ಟು ದಿನ ಇಲ್ಲದ ಒಂದು ಹಗುರ ಇತ್ತು.

"ನೋಡ್ಕೊಂಡು ಬಂದೆ ಸಾರ್! ಈಗಷ್ಟೇ ಹೊರಗೆ ಬಂದೆ."

"ಹೇಳಿದ್ಯಾಮ್ಮ?"

"ಎಲ್ಲಾ ಹೇಳ್ದೆ. ಚಾನೆಲ್ ಜೀವಂತ ಇತ್ತಂತೆ, ನಿಂದೇನೂ ತಪ್ಪಿಲ್ಲವಂತೆ ಅಂದೆ. ನನ್ನ ಅಣ್ಣ ನನಗೆ ಸಿಕ್ಕಿದ ಸಾರ್. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ."

"ಅವನು ಏನಂದ?"

"ಅವನ ವಿಷಯ ನಿಮಗೆ ಗೊತ್ತಲ್ಲ. ಏನೂ ಅನ್ಲಿಲ್ಲ. ಸುಮ್ನೆ ನನ್ನ ಮುಖ ನೋಡ್ತಾ ಕೂತ. ಖುಷೀಗೆ ಮಾತು ಹೊರಡ್ತಿಲ್ಲ ಅಂದ್ಕೊಂಡೆ. ಹೊರಡೋ ಹೊತ್ತಲ್ಲಿ ಮಾತ್ರ ಒಂದು ಕೇಳ್ದ."

ಎದುರು ಕೂತ ಮೇಷ್ಟ್ರು ಕಿವಿಯ ಯಂತ್ರವನ್ನು ಬೆರಳಿಂದ ಒತ್ತಿ ಹಿಡಿದು ಮುಂದಕ್ಕೆ ಬಾಗಿದ್ದರು.

"ಏನು ಕೇಳ್ದ?"

"'ಪ್ಲಗ್ ಬಗ್ಗೆ ಏನಾದ್ರೂ ಅಂದ್ರಾ ಅವ್ರು?' ಅಂದ," ಎಂದಳು ಆಕೆ. "ಯಾವ ಪ್ಲಗ್ ಸಾರ್ ಅದು?"